ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಮೊದಲು ರಿಪೇರಿಗೆ ಕೈ ಹಾಕಬೇಡಿ

ಅಪ್ಪ ತೀರಿಕೊಳ್ಳುವ ಹಿಂದಿನ ವರ್ಷ ಅವರ ಹತ್ತಿರ ಕೂತು ಮಾತುಗಳನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅವರ ಬಾಲ್ಯ, ಮೊದಲ ಕೆಲಸ, ಅಮ್ಮನನ್ನು ಮೊದಲ ಸಲ ನೋಡಿದ್ದು, ಹೀಗೆ ಒಟ್ಟು ಏಳು ಫೈಲು. ಫೋನಿನಲ್ಲಿ ಜಾಗ ಸಾಲುತ್ತಿಲ್ಲ ಅಂತ ಅವನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸಿಬಿಟ್ಟೆ. ಲ್ಯಾಪ್‌ಟಾಪಿನಲ್ಲಿದ್ದರೆ ಭದ್ರ ಅಂದುಕೊಂಡಿದ್ದೆ.

ಆ ಲ್ಯಾಪ್‌ಟಾಪ್ ಒಂದು ರಾತ್ರಿ ಆನ್ ಆಗಲಿಲ್ಲ. ಆಮೇಲೆ ನಾನು ಏನು ಮಾಡಿದೆ, ಏನು ಕಳೆದುಕೊಂಡೆ ಅನ್ನೋದನ್ನು ಬಿಡಿಸಿ ಬರೆಯುತ್ತಿದ್ದೇನೆ. ನಿಮ್ಮ ಲ್ಯಾಪ್‌ಟಾಪ್ ಕೂಡ ಈಗ ಲೋಗೋ ತೋರಿಸಿ ನಿಂತುಬಿಟ್ಟಿದ್ದರೆ, ಯಾವ ಕಮಾಂಡನ್ನೂ ಕೊಡುವ ಮೊದಲು ಇದನ್ನು ಪೂರ್ತಿ ಓದಿ.

ಮುನ್ಸೂಚನೆ ಇರಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ. ಎರಡು ವಾರದಿಂದ ಲ್ಯಾಪ್‌ಟಾಪ್ ಶುರುವಾಗೋಕೆ ತುಂಬ ಹೊತ್ತು ಹಿಡಿಯುತ್ತಿತ್ತು. ಫೋಟೋಗಳ ಫೋಲ್ಡರ್ ತೆರೆದರೆ ಒಂದಷ್ಟು ಫೋಟೋ ಬಂದು, ಉಳಿದವು ಬರದೆ ಹಾಗೇ ನಿಂತುಬಿಡುತ್ತಿತ್ತು. ಆನ್ ಮಾಡುವಾಗ ಒಂದೆರಡು ಸಲ, ಡ್ರೈವ್ ಪರೀಕ್ಷಿಸಿ ಸರಿಮಾಡಲಾಗುತ್ತಿದೆ ಅನ್ನೋ ಸಾಲು ತಾನಾಗಿಯೇ ಬಂದಿತ್ತು. ಕೈ ಇಡುವ ಜಾಗದ ಕೆಳಗಿನಿಂದ ಆಗೊಮ್ಮೆ ಈಗೊಮ್ಮೆ ಟಿಕ್ ಅನ್ನುವ ಸಣ್ಣ ಸದ್ದು. ಲ್ಯಾಪ್‌ಟಾಪ್ ಹಳೆಯದಾಯಿತು, ಅದಕ್ಕೇ ನಿಧಾನ ಅಂದುಕೊಂಡು ಸುಮ್ಮನಾದೆ. ನಿಜವಾಗಿ ಅದು ಹಾರ್ಡ್ ಡಿಸ್ಕ್ ಸಾಯುತ್ತಿದ್ದ ಲಕ್ಷಣ. ಡಿಸ್ಕಿನ ಒಂದು ಜಾಗ ಓದಲು ಆಗದಿದ್ದಾಗ ಅದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಮಗೆ ಕಾಣುವುದು ಬರೀ ನಿಧಾನ.

ಆ ರಾತ್ರಿ ಲೋಗೋ ಬಂತು, ಚುಕ್ಕಿಗಳು ಸುತ್ತಿದವು, ಸುತ್ತುತ್ತಲೇ ಇದ್ದವು. ಬೆಳಗ್ಗೆ ಒಂದು ವರದಿ ಕಳಿಸಬೇಕಿತ್ತು. ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದೆ, ಮತ್ತೆ ಆನ್ ಮಾಡಿದೆ. ಮತ್ತೆ ಅದೇ. ಹೀಗೆ ಆರೇಳು ಸಲ. ವಿಂಡೋಸ್ ಹೀಗೆ ಸತತವಾಗಿ ಶುರುವಾಗದಿದ್ದಾಗ ತಾನೇ ರಿಪೇರಿಯ ನೀಲಿ ಪರದೆಗೆ ಹೋಗುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್ ಒತ್ತಿದೆ. ತುಂಬ ಹೊತ್ತು ಹುಡುಕಿ, ಸರಿಮಾಡಲು ಆಗಲಿಲ್ಲ ಅಂತ ಬಂತು.

ಇಲ್ಲಿಯವರೆಗೂ ನನ್ನ ಫೈಲುಗಳು ಬಹುಶಃ ಹಾಗೇ ಇದ್ದವು. ಮುಂದಿನ ಹೆಜ್ಜೆ ಎಲ್ಲವನ್ನೂ ಹಾಳು ಮಾಡಿತು.

ಫೋನಿನಲ್ಲಿ ಹುಡುಕಿದೆ. ಮೊದಲು ಸಿಕ್ಕ ವಿಡಿಯೊದಲ್ಲಿ, ಕಮಾಂಡ್ ಪ್ರಾಂಪ್ಟ್ (ಕಮಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆದು, ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಿ, ಜೊತೆಗೆ ಸ್ಲ್ಯಾಶ್ ಆರ್ ಹಾಕಿ, ಎಲ್ಲ ಸರಿಹೋಗುತ್ತದೆ ಅಂತ ಹೇಳಿದ್ದರು. ಸಾವಿರಾರು ಜನ ಕೆಳಗೆ ಧನ್ಯವಾದ ಬರೆದಿದ್ದರು. ಅವರ ಲ್ಯಾಪ್‌ಟಾಪ್‌ಗಳು ಸರಿಹೋಗಿದ್ದಿರಬಹುದು. ಆದರೆ ಅವರ ಡಿಸ್ಕ್ ಚೆನ್ನಾಗಿತ್ತು, ನನ್ನದು ಚೆನ್ನಾಗಿರಲಿಲ್ಲ. ಈ ವ್ಯತ್ಯಾಸವನ್ನು ಆ ವಿಡಿಯೊದಲ್ಲಿ ಯಾರೂ ಹೇಳಲಿಲ್ಲ.

ಕಮಾಂಡ್ ಕೊಟ್ಟೆ. ಮೊದಲ ಮೂರು ಹಂತ ನಿಧಾನವಾಗಿ ಮುಗಿದವು. ಪರದೆಯ ಮೇಲೆ ಸಾಲು ಸಾಲಾಗಿ ಏನೇನೋ ಓಡಿದವು. ಯಾವುದೋ ಫೈಲ್ ದಾಖಲೆ ಓದಲಾಗುತ್ತಿಲ್ಲ, ಯಾವುದೋ ನಮೂದನ್ನು ಅಳಿಸಲಾಗುತ್ತಿದೆ, ಹೀಗೆ. ಅಳಿಸಲಾಗುತ್ತಿದೆ ಅನ್ನೋ ಪದವನ್ನು ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ರಿಪೇರಿ ಅಂದಮೇಲೆ ಇದೆಲ್ಲ ಇರುತ್ತೆ ಅಂದುಕೊಂಡೆ. ನಾಲ್ಕನೇ ಹಂತ 12 ಪರ್ಸೆಂಟಿಗೆ ಬಂದು ನಿಂತಿತು. ರಾತ್ರಿಯೆಲ್ಲ ಓಡಲಿ ಅಂತ ಬಿಟ್ಟು ಮಲಗಿದೆ.

ಬೆಳಗ್ಗೆ ಎದ್ದಾಗ ಕೋಣೆಯೊಳಗೆ ಬರುವ ಮೊದಲೇ ಸದ್ದು ಕೇಳಿಸಿತು. ಟಕ್, ಟಕ್, ಟಕ್. ಒಂದೇ ಸಮನೆ. ಪರದೆ ಇನ್ನೂ 12ರಲ್ಲೇ ಇತ್ತು. ಮತ್ತೆ ಆನ್ ಮಾಡಿದಾಗ, ಬೂಟ್ ಆಗಲು, ಅಂದರೆ ಶುರುವಾಗಲು, ಯಾವ ಡಿಸ್ಕೂ ಸಿಗುತ್ತಿಲ್ಲ ಅಂತ ಬಂತು.

ಏನಾಯಿತು ಅಂತ ಆಮೇಲೆ ಅರ್ಥಮಾಡಿಕೊಂಡೆ. ಚೆಕ್‌ಡಿಸ್ಕಿನ ಕೆಲಸ ನಮ್ಮ ಫೈಲುಗಳನ್ನು ಉಳಿಸುವುದಲ್ಲ. ಡಿಸ್ಕಿನ ಲೆಕ್ಕದ ಪುಸ್ತಕವನ್ನು ತಾಳೆ ಮಾಡುವುದು. ಯಾವ ಫೈಲು ಎಲ್ಲಿದೆ ಅನ್ನೋ ಪಟ್ಟಿಯಲ್ಲಿ ಒಂದು ನಮೂದು ಓದಲು ಬರದಿದ್ದರೆ, ಅದನ್ನು ತೆಗೆದುಹಾಕಿದರೂ ಅದರ ಲೆಕ್ಕ ಸರಿಹೋಗುತ್ತದೆ. ಲೆಕ್ಕ ಸರಿಯಾಯಿತು, ಅಪ್ಪನ ಮಾತು ಹೋಯಿತು. ಜೊತೆಗೆ ಸ್ಲ್ಯಾಶ್ ಆರ್ ಅಂದರೆ ಡಿಸ್ಕಿನ ಒಂದೊಂದು ಜಾಗವನ್ನೂ ಓದಿ ನೋಡು ಅಂತ. ಹಾರ್ಡ್ ಡಿಸ್ಕಿನಲ್ಲಿ ಓದುವ ಹೆಡ್ಡು, ತಿರುಗುವ ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಮ್ಮಿ ಅಂತರದಲ್ಲಿ ತೇಲುತ್ತಿರುತ್ತದೆ. ಹೆಡ್ಡು ಆಗಲೇ ಹದಗೆಟ್ಟಿದ್ದರೆ, ಗಂಟೆಗಟ್ಟಲೆ ಇಡೀ ಡಿಸ್ಕನ್ನು ಓದಿಸುವುದು ಅಂದರೆ ಕಾಲು ಮುರಿದವನನ್ನು ಓಡಿಸಿದ ಹಾಗೆ. ಆ ಡಿಸ್ಕಿನಲ್ಲಿ ಉಳಿದಿದ್ದ ಸ್ವಲ್ಪ ಜೀವದಲ್ಲಿ ನನಗೆ ಬೇಕಾದ ಏಳು ಫೈಲನ್ನು ಹೊರಗೆ ತೆಗೆಯಬಹುದಿತ್ತು. ನಾನು ಅದನ್ನು ಇಡೀ ಡಿಸ್ಕ್ ಪರೀಕ್ಷಿಸಲು ಖರ್ಚು ಮಾಡುತ್ತಿದ್ದೆ.

ಹಾಗಾಗಿ ನಾನು ಹೇಳುವುದು ಇಷ್ಟೇ. ಲ್ಯಾಪ್‌ಟಾಪ್ ಸರಿಮಾಡುವುದು ಬೇರೆ ಕೆಲಸ, ಒಳಗಿರುವುದನ್ನು ಉಳಿಸುವುದು ಬೇರೆ ಕೆಲಸ. ಎರಡನೆಯದನ್ನು ಮೊದಲು ಮಾಡಿ.

ಮೊದಲು ನಿಮ್ಮ ತೊಂದರೆ ಯಾವ ಜಾತಿಯದ್ದು ಅಂತ ನೋಡಿಕೊಳ್ಳಿ. ಬಟನ್ ಒತ್ತಿದರೆ ದೀಪವೂ ಇಲ್ಲ, ಫ್ಯಾನ್ ಸದ್ದೂ ಇಲ್ಲ ಅಂದರೆ ಅದು ಕರೆಂಟಿನ ಕಡೆಯ ತೊಂದರೆ. ಬೇರೆ ಪ್ಲಗ್, ಅದೇ ರೇಟಿಂಗಿನ ಬೇರೆ ಚಾರ್ಜರ್ ಹಾಕಿ ನೋಡಿ. ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂಥದ್ದಾದರೆ ಅದನ್ನೂ ಬಿಚ್ಚಿ, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿದು, ಆಮೇಲೆ ಚಾರ್ಜರ್ ಮಾತ್ರ ಹಾಕಿ ಆನ್ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಎದ್ದು ಕೂರುತ್ತದೆ. ದೀಪ ಬರುತ್ತೆ, ಫ್ಯಾನ್ ತಿರುಗುತ್ತೆ, ಪರದೆ ಮಾತ್ರ ಕಪ್ಪು ಅಂದರೆ, ಕತ್ತಲಲ್ಲಿ ಟಾರ್ಚ್ ಹಿಡಿದು ಪರದೆಯನ್ನು ಓರೆಯಾಗಿ ನೋಡಿ. ಮಸುಕಾಗಿ ಏನಾದರೂ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು ಮಾತ್ರ. ಹೊರಗಿನ ಮಾನಿಟರ್ ಅಥವಾ ಟಿವಿಗೆ ಜೋಡಿಸಿದರೂ ಗೊತ್ತಾಗುತ್ತದೆ. ಬೀಪ್ ಸದ್ದು ಬಂದರೆ ಅಥವಾ ದೀಪ ಇಂತಿಷ್ಟು ಸಲ ಅಂತ ಮಿನುಗಿದರೆ ಎಣಿಸಿ ಬರೆದುಕೊಳ್ಳಿ. ಅದರ ಅರ್ಥ ಆ ಮಾಡೆಲ್ಲಿನ ಕೈಪಿಡಿಯಲ್ಲಿ ಇರುತ್ತದೆ, ಸಾಮಾನ್ಯವಾಗಿ ರ‍್ಯಾಮ್ ಅನ್ನೋ ಮೆಮೊರಿ ಚಿಪ್ಪು ಸಡಿಲವಾಗಿದೆ ಅನ್ನೋ ಥರದ್ದು. ಈ ಎರಡೂ ಜಾತಿಯಲ್ಲಿ ಡಿಸ್ಕ್ ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ, ಗಾಬರಿ ಬೇಡ. ಆದರೆ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಅಂತ. ಆಗ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಅದು ಬೆಂಕಿ ಹತ್ತಿಕೊಳ್ಳುವ ವಸ್ತು.

ಲೋಗೋ ಬಂದು, ವಿಂಡೋಸ್ ಮಾತ್ರ ಬರುತ್ತಿಲ್ಲ ಅಂದರೆ ಅದು ನನ್ನ ಜಾತಿಯದ್ದು. ಅಪ್‌ಡೇಟ್ ನಡೆಯುತ್ತಿದೆ ಅಂತ ಪರದೆ ಮೇಲೆ ಬರೆದಿದ್ದರೆ ಬೇಕಾದಷ್ಟು ಹೊತ್ತು ಬಿಡಿ. ಯಾವುದಾದರೂ ಪೆನ್ ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದರೆ ತೆಗೆದು ನೋಡಿ, ಅದರಿಂದ ಬೂಟ್ ಆಗಲು ಹೋಗಿಯೂ ನಿಂತಿರುತ್ತದೆ. ಇವೆರಡೂ ಅಲ್ಲದಿದ್ದರೆ ಕಿವಿ ಹತ್ತಿರ ಇಟ್ಟು ಕೇಳಿ. ಟಕ್ ಟಕ್ ಅಂತ ಅಥವಾ ಉಜ್ಜಿದ ಹಾಗೆ ಸದ್ದು ಬಂದರೆ ಆ ಕ್ಷಣವೇ ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ, ಒಂದು ಸಲ ನೋಡೋಣ ಅಂತಲೂ ಬೇಡ. ಡೇಟಾ ತೆಗೆದುಕೊಡುವುದನ್ನೇ ಕೆಲಸವಾಗಿ ಮಾಡುವವರ ಹತ್ತಿರ ಕೊಡಿ. ಫ್ರೀಜರಿನಲ್ಲಿಟ್ಟರೆ ಡಿಸ್ಕ್ ಸರಿಹೋಗುತ್ತೆ ಅಂತ ನನಗೂ ಒಬ್ಬರು ಹೇಳಿದರು. ಮಾಡಬೇಡಿ, ಹೊರಗೆ ತೆಗೆದ ಕೂಡಲೇ ತೇವ ಕಟ್ಟಿಕೊಳ್ಳುತ್ತದೆ. ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಬರೀ ಚಿಪ್ಪುಗಳ ಡ್ರೈವ್) ಇದ್ದರೆ ಸದ್ದೇ ಬರುವುದಿಲ್ಲ, ಹಾಗಾಗಿ ಸದ್ದಿಲ್ಲ ಅಂತ ಧೈರ್ಯ ತಂದುಕೊಳ್ಳುವ ಹಾಗೂ ಇಲ್ಲ.

ಸದ್ದಿಲ್ಲದಿದ್ದರೆ ಫೈಲು ಹೊರಗೆ ತೆಗೆಯಲು ದಾರಿಗಳಿವೆ. ನನಗೆ ಆ ರಾತ್ರಿಯೇ ಗೊತ್ತಿದ್ದಿದ್ದರೆ ಅಂತ ಈಗಲೂ ಅನ್ನಿಸುವ ದಾರಿ ಒಂದಿದೆ. ಅದೇ ನೀಲಿ ಪರದೆಯ ಕಮಾಂಡ್ ಪ್ರಾಂಪ್ಟಿನಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನೋಟ್‌ಪ್ಯಾಡ್ ತೆರೆದುಕೊಳ್ಳುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ, ಕೆಳಗಡೆ ಎಲ್ಲ ಬಗೆಯ ಫೈಲ್ ತೋರಿಸು ಅಂತ ಬದಲಿಸಿ. ಆ ಚಿಕ್ಕ ಕಿಟಕಿಯಲ್ಲೇ ನಿಮ್ಮ ಫೋಲ್ಡರುಗಳು ಕಾಣುತ್ತವೆ. ಬೇಕಾದ್ದನ್ನು ರೈಟ್ ಕ್ಲಿಕ್ ಮಾಡಿ ಕಾಪಿ ಮಾಡಿ, ಪೆನ್ ಡ್ರೈವಿಗೆ ಹೋಗಿ ಪೇಸ್ಟ್ ಮಾಡಬಹುದು. ಅಲ್ಲಿ ಡ್ರೈವಿನ ಅಕ್ಷರ ಬೇರೆಯಾಗಿರಬಹುದು, ಸಿ ಇದ್ದದ್ದು ಡಿ ಅಂತ ಕಾಣಬಹುದು, ಹೆದರಬೇಡಿ. ಕಾಪಿ ಎಷ್ಟಾಯಿತು ಅಂತ ತೋರಿಸುವ ಪಟ್ಟಿಯೂ ಬರುವುದಿಲ್ಲ, ಕಿಟಕಿ ಹೆಪ್ಪುಗಟ್ಟಿದ ಹಾಗೆ ಕಾಣುತ್ತದೆ, ತಾಳ್ಮೆಯಿಂದ ಕಾಯಬೇಕು. ಒಂದೊಂದೇ ಫೋಲ್ಡರ್ ತೆಗೆಯಿರಿ. ಮತ್ತೆಲ್ಲೂ ಸಿಗದ್ದು ಮೊದಲು, ಸಿನಿಮಾ ಹಾಡು ಕೊನೆಗೆ.

ಅದೂ ಆಗದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಒಂದು ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆ) ಪೆನ್ ಡ್ರೈವ್ ಮಾಡಿಕೊಂಡು ಅದರಿಂದ ಬೂಟ್ ಮಾಡಿ. ಉಬುಂಟು ಥರದವು ಡಿಸ್ಕಿಗೆ ಏನನ್ನೂ ಹಾಕದೆ ಪೆನ್ ಡ್ರೈವಿನಿಂದಲೇ ನಡೆಯುತ್ತವೆ. ಶುರುವಿನಲ್ಲಿ ಟ್ರೈ ಮತ್ತು ಇನ್‌ಸ್ಟಾಲ್ ಅಂತ ಎರಡು ಆಯ್ಕೆ ಬರುತ್ತವೆ. ಟ್ರೈ ಒತ್ತಿ. ಇನ್‌ಸ್ಟಾಲ್ ಒತ್ತಿದರೆ ಕಥೆ ಮುಗಿಯಿತು. ನಿಮ್ಮ ಡಿಸ್ಕ್ ಓದಲು ಮಾತ್ರ ಸಿಗುತ್ತಿದೆ, ಬರೆಯಲು ಆಗುತ್ತಿಲ್ಲ ಅಂತ ಲಿನಕ್ಸ್ ಹೇಳಿದರೆ ಒಳ್ಳೆಯದೇ ಆಯಿತು, ನಮಗೆ ಬೇಕಿರುವುದೂ ಓದುವುದಷ್ಟೇ. ಡಿಸ್ಕ್ ತೀರಾ ತಡವರಿಸುತ್ತಿದ್ದರೆ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಸಾಧನವಿದೆ. ಅದು ಮೊದಲು ಸುಲಭವಾಗಿ ಓದಲು ಬರುವ ಜಾಗಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡು, ಕೆಟ್ಟ ಜಾಗಗಳನ್ನು ಗುರುತು ಹಾಕಿ ಕೊನೆಗೆ ಇಟ್ಟುಕೊಳ್ಳುತ್ತದೆ. ಚೆಕ್‌ಡಿಸ್ಕ್ ಓಡಿಸಲೇಬೇಕು ಅಂದರೆ ಆ ನಕಲಿನ ಮೇಲೆ ಓಡಿಸಿ.

ರೀಸೆಟ್, ಅಂದರೆ ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳುವುದರ ಬಗ್ಗೆಯೂ ಹೇಳಲೇಬೇಕು. ನನ್ನ ಫೈಲುಗಳನ್ನು ಉಳಿಸು ಅನ್ನೋ ಆಯ್ಕೆ ನೋಡಿ ಜನ ನಂಬುತ್ತಾರೆ. ಚೆನ್ನಾಗಿರುವ ಡಿಸ್ಕಿನಲ್ಲಿ ಅದು ಹೇಳಿದ ಹಾಗೆ ನಡೆಯಬಹುದು. ಕೆಟ್ಟ ಡಿಸ್ಕಿನಲ್ಲಿ ಅದು ಅರ್ಧಕ್ಕೆ ನಿಂತರೆ ವಿಂಡೋಸೂ ಇಲ್ಲ, ಫೈಲೂ ಇಲ್ಲ ಅನ್ನೋ ಸ್ಥಿತಿಗೆ ಬರುತ್ತೀರಿ. ರಿಪೇರಿಗೆ ಕೊಡುವಾಗಲೂ ಅಷ್ಟೇ. ಹೊಸದಾಗಿ ವಿಂಡೋಸ್ ಹಾಕಿಕೊಡ್ತೀವಿ ಅನ್ನುವುದು ಅವರಿಗೆ ದಿನನಿತ್ಯದ ಮಾತು, ಅದರಲ್ಲಿ ಅಳಿಸಿಹಾಕುವುದೂ ಸೇರಿದೆ ಅಂತ ನಮಗೆ ಹೊಳೆಯುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಹಾಗೆ ಅಳಿಸಿದ್ದು ಹೆಚ್ಚಾಗಿ ಮರಳಿ ಸಿಗುವುದೇ ಇಲ್ಲ. ಡೇಟಾ ಬೇಕು, ಫಾರ್ಮ್ಯಾಟ್ ಮಾಡಬೇಡಿ ಅಂತ ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೇ ಅಂಟಿಸಿ ಕೊಡಿ.

ಇನ್ನೊಂದು ಅಪಾಯ ತಂಗಿಯ ಲ್ಯಾಪ್‌ಟಾಪಿನಿಂದ ಗೊತ್ತಾಯಿತು. ಅದು ಹೊಸದು, ಬೂಟ್ ಆಗುವಾಗ ತಕರಾರು ಮಾಡುತ್ತಿತ್ತು. ಯಾರೋ ಹೇಳಿದರು ಅಂತ ಅವಳು ಬಯೋಸಿಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟ) ಹೋಗಿ, ನಂಬಿಕಸ್ತ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಿದಳು. ಮುಂದಿನ ಸಲ ಆನ್ ಮಾಡಿದಾಗ ಡಿಸ್ಕಿನ ಬೀಗ ತೆಗೆಯುವ 48 ಅಂಕಿಯ ಬಿಟ್‌ಲಾಕರ್ ಕೀ ಕೇಳಿತು. ಅಂಥದ್ದೊಂದು ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದರೆ ಡಿಸ್ಕಿಗೆ ತಾನಾಗಿಯೇ ಬೀಗ ಬೀಳುತ್ತದೆ. ಆ ಕೀ ಇಲ್ಲದೆ ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಏನೂ ಓದಲಾಗುವುದಿಲ್ಲ. "ಅಕ್ಕ, ಎಲ್ಲ ಹೋಯ್ತಾ?" ಅಂತ ಫೋನ್ ಮಾಡಿದಳು. ಏನನ್ನೂ ಮುಟ್ಟಬೇಡ ಅಂದೆ. ಅವಳ ಫೋನಿನಿಂದಲೇ ಆ ಅಕೌಂಟಿಗೆ ಲಾಗಿನ್ ಆಗಿ ನೋಡಿದಾಗ ಕೀ ಅಲ್ಲೇ ಇತ್ತು. ಪರದೆ ಮೇಲಿದ್ದ ಐಡಿಯ ಮೊದಲ 8 ಅಕ್ಷರಗಳನ್ನು ತಾಳೆ ನೋಡಿ, 48 ಅಂಕಿಯನ್ನೂ ಒಂದೊಂದಾಗಿ ಹೊಡೆದಳು. ಅವಳದ್ದು ಪೂರ್ತಿ ಉಳಿಯಿತು. ನಿಮ್ಮ ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಆ ಕೀ ಹುಡುಕಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಯೋಸಿನಲ್ಲಿ ಏನಾದರೂ ಬದಲಿಸಲೇಬೇಕಾದರೆ ಮೊದಲು ಆ ಪುಟದ ಫೋಟೋ ತೆಗೆದುಕೊಳ್ಳಿ, ಹಿಂದಕ್ಕೆ ಬದಲಿಸಲು ಬೇಕಾಗುತ್ತದೆ.

ನನ್ನ ಡಿಸ್ಕನ್ನು ಡೇಟಾ ತೆಗೆಯುವವರಿಗೆ ಕೊಟ್ಟೆ. ವಾರಗಟ್ಟಲೆ ಹಿಡಿಯಿತು. ಸಿಕ್ಕಿದ್ದನ್ನು ಬೇರೆ ಡ್ರೈವಿನಲ್ಲಿ ಹಾಕಿಕೊಟ್ಟರು. ಮೊದಲೇ ಚೆಕ್‌ಡಿಸ್ಕ್ ಓಡಿಸದಿದ್ದರೆ ಜಾಸ್ತಿ ಸಿಗುತ್ತಿತ್ತು ಅಂತ ಅವರು ಬೇಸರದಿಂದಲೇ ಹೇಳಿದರು. ಫೋಟೋಗಳಲ್ಲಿ ಕೆಲವು ಪೂರ್ತಿ ಬಂದಿದ್ದವು. ಕೆಲವು ಮೇಲರ್ಧ ಸರಿಯಿದ್ದು ಕೆಳಗೆ ಬೂದು ಬಣ್ಣ. ಹಣೆ, ಕಣ್ಣು ಕಾಣುತ್ತೆ, ನಗು ಇರಬೇಕಾದ ಜಾಗದಲ್ಲಿ ಏನೂ ಇಲ್ಲ.

ಅಪ್ಪನ ಫೋಲ್ಡರ್ ಇರಲಿಲ್ಲ. ಚೆಕ್‌ಡಿಸ್ಕ್ ತನಗೆ ಸಿಕ್ಕ ದಿಕ್ಕಿಲ್ಲದ ಚೂರುಗಳನ್ನು ಫೌಂಡ್ ಡಾಟ್ 000 ಅನ್ನೋ ಫೋಲ್ಡರಿನಲ್ಲಿ, ಹೆಸರಿಲ್ಲದೆ, ಬರೀ ನಂಬರ್ ಕೊಟ್ಟು ಹಾಕಿಡುತ್ತದೆ. ಅದರಲ್ಲಿ ನೂರಾರು ಇದ್ದವು. ಮೂರು ಸಂಜೆ ಕೂತು ಒಂದೊಂದರ ಕೊನೆಗೂ ಎಂಪಿ3 ಅಂತ ಸೇರಿಸಿ ತೆರೆದು ನೋಡಿದೆ. ಎಂಪಿ3 ಚೂರಾದರೂ ಆ ಚೂರಿನಷ್ಟು ಕೇಳಿಸುತ್ತದೆ. ಒಂದೇ ಒಂದು ಕೇಳಿಸಿತು. 11 ನಿಮಿಷ. ಅಪ್ಪ ತಮ್ಮ ಮೊದಲ ಕೆಲಸದ ದಿನದ ಬಗ್ಗೆ ಹೇಳುತ್ತಿದ್ದಾರೆ. ನಡುವೆ ನಾನು ನೀರು ಬೇಕಾ ಅಂತ ಕೇಳುತ್ತೇನೆ. ಬೇಡಮ್ಮ, ಕೇಳು ಅನ್ನುತ್ತಾರೆ. ಆಮೇಲೆ, ಅವತ್ತು ನಾನು ಒಳಗೆ ಹೋದಾಗ ಅಲ್ಲಿ, ಅನ್ನುವಷ್ಟಕ್ಕೆ ನಿಲ್ಲುತ್ತದೆ.

ಆ 11 ನಿಮಿಷ ಈಗ ಎರಡು ಡ್ರೈವಿನಲ್ಲಿದೆ, ಫೋನಿನಲ್ಲಿದೆ, ತಂಗಿಯ ಹತ್ತಿರವೂ ಒಂದಿದೆ.