ಸೋಲ್‌ನಲ್ಲಿ ಮನೆ: ಆಫೀಸ್‌ಟೆಲ್ ಒಳ್ಳೇದೋ, ವಿಲ್ಲಾ ಒಳ್ಳೇದೋ?

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ಗೆ ಪಾಠ ಮಾಡಲು ಬಂದು ಇದು ಮೂರನೇ ವರ್ಷ. ಇಷ್ಟರಲ್ಲಿ ಮೂರು ಬಗೆಯ ಮನೆ ನೋಡಿಯಾಯಿತು. ಮೊದಲ ಐದು ವಾರ ಗೋಶಿವೊನ್, ಆಮೇಲೆ ಒಂದು ವರ್ಷ ಆಫೀಸ್‌ಟೆಲ್, ಈಗ ವಿಲ್ಲಾ. ನಮ್ಮ ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದೇ ಮನೆ ವಿಷಯ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ ಬರೆದಿಡುತ್ತಿದ್ದೇನೆ.

ಗೋಶಿವೊನ್ ಬಗ್ಗೆ ಎರಡೇ ಮಾತು. ಪರೀಕ್ಷೆಗೆ ಓದುವವರಿಗೆಂದು ಶುರುವಾದ ಪುಟ್ಟ ಕೋಣೆಗಳು ಇವು. ದೊಡ್ಡ ಅಡ್ವಾನ್ಸ್ ಕೇಳುವುದಿಲ್ಲ. ನಾನಿದ್ದ ಕಡೆ ಅಡುಗೆಮನೆಯಲ್ಲಿ ಅನ್ನ, ಕಿಮ್ಚಿ ಇಟ್ಟಿರುತ್ತಿದ್ದರು. ಆದರೆ ಕೈ ಚಾಚಿದರೆ ಎರಡೂ ಕಡೆ ಗೋಡೆ. ಉತ್ತರಪತ್ರಿಕೆ ಹರಡಿಕೊಂಡು ಕೂರಲು ಜಾಗವೇ ಇಲ್ಲ. ಮನೆ ಸಿಗುವ ತನಕ ಸಾಕು, ಅಷ್ಟೇ.

ನಿಜವಾದ ಹೋಲಿಕೆ ಇರುವುದು ಉಳಿದೆರಡರ ನಡುವೆ. ವಿಲ್ಲಾ ಅಂದ ತಕ್ಷಣ ತೋಟದ ನಡುವಿನ ಬಂಗಲೆ ಕಣ್ಣಿಗೆ ಬರುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಗಲ್ಲಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ನಾಲ್ಕೈದು ಅಂತಸ್ತಿನ ಇಟ್ಟಿಗೆ ಕಟ್ಟಡಗಳಿಗೆ ಇಲ್ಲಿ ವಿಲ್ಲಾ ಅನ್ನುತ್ತಾರೆ. ಹಳೆಯವುಗಳಲ್ಲಿ ಲಿಫ್ಟ್ ಇರುವುದಿಲ್ಲ. ಆಫೀಸ್‌ಟೆಲ್ ಎಂದರೆ ಸಾಮಾನ್ಯವಾಗಿ ಮೆಟ್ರೊ ನಿಲ್ದಾಣದ ಹತ್ತಿರದ ಎತ್ತರದ ಕಟ್ಟಡ. ಅದರಲ್ಲಿ ಕೆಲವು ಕೋಣೆ ಆಫೀಸು, ಕೆಲವು ಮನೆ.

ಮೊದಲು ದುಡ್ಡಿನ ಲೆಕ್ಕ, ಎಲ್ಲವೂ ಇಲ್ಲಿನ ನಾಣ್ಯವಾದ ವೋನ್‌ನಲ್ಲಿ. ಆಫೀಸ್‌ಟೆಲ್‌ಗೆ 1 ಕೋಟಿ ವೋನ್ ಅಡ್ವಾನ್ಸ್, ತಿಂಗಳಿಗೆ 7.5 ಲಕ್ಷ ಬಾಡಿಗೆ, ಅದರ ಮೇಲೆ ಮೇಂಟೆನೆನ್ಸ್ 1.2 ಲಕ್ಷ. ವಿಲ್ಲಾಗೆ ಓನರ್ ಮೊದಲು ಹೇಳಿದ್ದು 1 ಕೋಟಿ ಅಡ್ವಾನ್ಸ್, 6 ಲಕ್ಷ ಬಾಡಿಗೆ. ಇಲ್ಲಿ ಅಡ್ವಾನ್ಸ್ ಜಾಸ್ತಿ ಕೊಟ್ಟರೆ ಬಾಡಿಗೆ ಇಳಿಸುವ ರೂಢಿ ಇದೆ. ಇನ್ನೊಂದು ಕೋಟಿ ಸೇರಿಸಿ ಕೊಟ್ಟೆ, ಬಾಡಿಗೆ 5.5 ಲಕ್ಷಕ್ಕೆ ಇಳಿಯಿತು. ಮೇಂಟೆನೆನ್ಸ್ 50 ಸಾವಿರ. ಬಾಡಿಗೆಯೇ ಇಲ್ಲದ ಜೊನ್ಸೆ ಎಂಬ ಪದ್ಧತಿಯೂ ಇದೆ. ಅದು ನಮ್ಮ ಭೋಗ್ಯದ ಹಾಗೆ, ದೊಡ್ಡ ಮೊತ್ತ ಕೊಟ್ಟು ಇರುವುದು. ಓನರ್ ಕೈ ಎತ್ತಿದರೆ ಇಡೀ ಗಂಟೇ ಹೋಗುತ್ತದೆ. ಹಾಗೆ ಮೋಸಹೋದವರಿಗಾಗಿ 2023ರಲ್ಲಿ ವಿಶೇಷ ಕಾಯ್ದೆಯನ್ನೇ ತರಬೇಕಾಯಿತು. ಹೊಸಬರು ಅದರ ತಂಟೆಗೆ ಹೋಗಬೇಡಿ.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ. ಇಲ್ಲಿ ಅಳತೆಯನ್ನು ಪ್ಯೊಂಗ್‌ನಲ್ಲಿ ಹೇಳುತ್ತಾರೆ. ಒಂದು ಪ್ಯೊಂಗ್ ಎಂದರೆ ಸುಮಾರು 3.3 ಚದರ ಮೀಟರ್. ಆಫೀಸ್‌ಟೆಲ್ 15 ಪ್ಯೊಂಗ್ ಅಂದರು. ಆ ಲೆಕ್ಕದಲ್ಲಿ ಲಿಫ್ಟು, ಕಾರಿಡಾರ್, ಪಾರ್ಕಿಂಗ್ ಎಲ್ಲದರ ಪಾಲೂ ಸೇರಿತ್ತು. ಬಾಗಿಲ ಒಳಗೆ ಸಿಕ್ಕಿದ್ದು ಅದರ ಅರ್ಧ. ವಿಲ್ಲಾ 10 ಪ್ಯೊಂಗ್ ಅಂದರು, ಒಳಗೆ ಹತ್ತೂ ಇತ್ತು. ಜೊತೆಗೆ ಬಟ್ಟೆ ಒಣಹಾಕಲು ಗಾಜು ಮುಚ್ಚಿದ ಸಣ್ಣ ವರಾಂಡ. ಆಫೀಸ್‌ಟೆಲ್‌ನಲ್ಲಿ ಬಾಲ್ಕನಿಯೇ ಇರಲಿಲ್ಲ. ಕಿಟಕಿ ಒಂದು ಗೇಣು ಓರೆಯಾಗಿ ತೆರೆಯುತ್ತಿತ್ತು. ಮಳೆಗಾಲದಲ್ಲಿ ಹಾಸಿಗೆ ಪಕ್ಕ ಒದ್ದೆ ಅಂಗಿ ನೇತುಹಾಕಿಕೊಂಡು ಮಲಗಿದ್ದೇನೆ.

ಆಫೀಸ್‌ಟೆಲ್‌ನ ಅನುಕೂಲವೂ ದೊಡ್ಡದೇ. ಫ್ರಿಜ್, ವಾಷಿಂಗ್ ಮಷೀನ್, ಎಸಿ ಎಲ್ಲವೂ ಗೋಡೆಗೆ ಕೂಡಿಸಿಟ್ಟಿದ್ದವು. ಸೂಟ್‌ಕೇಸ್ ಇಟ್ಟ ದಿನದಿಂದಲೇ ಬದುಕು ಶುರು. ಒಲೆ ಮಾತ್ರ ಇಂಡಕ್ಷನ್. ಊರಿಂದ ಹೊತ್ತು ತಂದ ಅಲ್ಯೂಮಿನಿಯಂ ಕುಕ್ಕರ್ ಒಂದು ವರ್ಷ ಬೀರುವಿನಲ್ಲೇ ಕೂತಿತ್ತು. ವಿಲ್ಲಾದಲ್ಲಿ ಫ್ರಿಜ್ಜಿನಿಂದ ಹಿಡಿದು ಒಲೆಯವರೆಗೆ ನಾನೇ ತರಬೇಕಾಯಿತು. ಗ್ಯಾಸ್ ಕಂಪನಿಗೆ ಮುಂಚೆಯೇ ಹೇಳಿಟ್ಟು, ಅವರು ಬಂದು ಪೈಪ್ ಜೋಡಿಸುವವರೆಗೆ ಒಲೆ ಹಚ್ಚುವಂತಿಲ್ಲ. ಮೂರನೇ ದಿನ ಕುಕ್ಕರ್ ಕೂಗಿತು. ಆ ಸದ್ದು ಕೇಳಿ ನಿಜಕ್ಕೂ ಕಣ್ಣು ಒದ್ದೆಯಾಯಿತು.

ಚಳಿಗಾಲ ಬೇರೆಯೇ ಕಥೆ. ಇಲ್ಲಿ ಜನವರಿಯಲ್ಲಿ ಮೈನಸ್ 10 ಡಿಗ್ರಿ ಅಪರೂಪವಲ್ಲ. ಮನೆಗಳಲ್ಲಿ ನೆಲದಡಿ ಬಿಸಿನೀರಿನ ಪೈಪ್ ಓಡುತ್ತದೆ, ಅದಕ್ಕೆ ಒಂದೊಲ್ ಅನ್ನುತ್ತಾರೆ. ಆಫೀಸ್‌ಟೆಲ್‌ನಲ್ಲಿ ಮೇಲೆ ಕೆಳಗೆ, ಆಚೆ ಈಚೆ ಎಲ್ಲ ಮನೆಗಳೇ. ಸ್ವಲ್ಪ ಹೊತ್ತು ಹಾಕಿದರೆ ಸಾಕು, ಬೆಚ್ಚಗಾಗುತ್ತಿತ್ತು. ವಿಲ್ಲಾದಲ್ಲಿ ಎರಡು ಗೋಡೆ ಹೊರಕ್ಕೇ ಇವೆ. ಮೊದಲ ಚಳಿಗೆ ವರಾಂಡದ ವಾಷಿಂಗ್ ಮಷೀನಿನ ಪೈಪ್ ಹೆಪ್ಪುಗಟ್ಟಿತು. ಬೀರುವಿನ ಹಿಂದೆ ಕಪ್ಪು ಬೂಷ್ಟು.

ದಾರಿ ತೋರಿಸಿದವರು ಮೇಲಿನ ಮನೆಯ ಅಜ್ಜಿ. ಒಂದು ಸುರುಳಿ ಗುಳ್ಳೆ ಪ್ಲಾಸ್ಟಿಕ್ ಮತ್ತು ನೀರಿನ ಸ್ಪ್ರೇ ಹಿಡಿದುಕೊಂಡು ಬಂದರು. ಕಿಟಕಿ ಗಾಜಿಗೆ ನೀರು ಚಿಮುಕಿಸಿ, ಹಾಳೆಯನ್ನು ಮೇಲಿಂದ ಕೆಳಕ್ಕೆ ಅಂಗೈಯಿಂದ ಒತ್ತುತ್ತಾ ಬಂದರು. ಅಂಟು ಬೇಡ, ಟೇಪ್ ಬೇಡ. ಮಾರ್ಚ್ ತನಕ ಅಲುಗಲಿಲ್ಲ. ಚಳಿಯ ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯುವಂತೆ ಬಿಡಬೇಕು, ಊರಿಗೆ ಹೋದರೂ ಬಾಯ್ಲರ್ ಪೂರ್ತಿ ಆರಿಸಬಾರದು ಅಂತಲೂ ಕೈಸನ್ನೆಯಲ್ಲೇ ತಿಳಿಸಿದರು. ಆ ಜನವರಿ ಗ್ಯಾಸ್ ಬಿಲ್ 1.3 ಲಕ್ಷ ವೋನ್ ಬಂತು. ಅಷ್ಟಾದರೂ ಒಟ್ಟು ಖರ್ಚು ಆಫೀಸ್‌ಟೆಲ್‌ಗಿಂತ ಕಡಿಮೆಯೇ.

ಕಸದಲ್ಲೂ ಆಫೀಸ್‌ಟೆಲ್ ಸಲೀಸು. ನೆಲಮಾಳಿಗೆಯ ಕಸದ ಕೋಣೆ ಯಾವಾಗಲೂ ತೆರೆದಿರುತ್ತಿತ್ತು. ವಿಲ್ಲಾದಲ್ಲಿ ಗೊತ್ತುಪಡಿಸಿದ ದಿನ, ಕತ್ತಲಾದ ಮೇಲೆ ಗೇಟಿನ ಹೊರಗಿಡಬೇಕು. ಕಸದ ಚೀಲವನ್ನೂ ದುಡ್ಡು ಕೊಟ್ಟೇ ಕೊಳ್ಳಬೇಕು. 1995ರಿಂದ ಇದೇ ನಿಯಮ. ಚೀಲದ ಮೇಲೆ ಆಯಾ ಗು, ಅಂದರೆ ನಗರದ ಆಯಾ ವಿಭಾಗದ ಹೆಸರಿರುತ್ತದೆ. ಊಟದ ಕಸಕ್ಕೆ ಬೇರೆ ವ್ಯವಸ್ಥೆ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ. ನನಗೆ ಮೊದಲು ಮನಸ್ಸಿಗೆ ಬಂದ ಆಫೀಸ್‌ಟೆಲ್ ಬೇರೆ ಇತ್ತು. ಬೆಳಕು ಚೆನ್ನಾಗಿತ್ತು, ಬಾಡಿಗೆಯೂ ಕಡಿಮೆ. ಸಹಿ ಹಾಕುವ ಹೊತ್ತಿಗೆ ಬ್ರೋಕರ್ ಮೆಲ್ಲಗೆ, "ಈ ವಿಳಾಸ ನೋಂದಾಯಿಸುವಂತಿಲ್ಲ, ಓನರ್ ಒಪ್ಪೋದಿಲ್ಲ" ಅಂದರು. ಕೆಲವು ಓನರ್‌ಗಳು ಆಫೀಸ್‌ಟೆಲನ್ನು ತೆರಿಗೆ ಉಳಿಸಲು ವ್ಯಾಪಾರದ ಜಾಗ ಅಂತ ತೋರಿಸಿರುತ್ತಾರೆ. ನಾವು ಅಲ್ಲಿರುತ್ತೇವೆ ಅಂತ ಸರ್ಕಾರದಲ್ಲಿ ವಿಳಾಸ ನೋಂದಾಯಿಸಿದರೆ ಅದು ಮನೆ ಅಂತ ಬಯಲಾಗುತ್ತದೆ. ಆದರೆ ಓನರ್‌ನ ಸಾಲ ತೀರದೆ ಮನೆ ಹರಾಜಿಗೆ ಬಂದರೆ, ವಿಳಾಸದ ನೋಂದಣಿ ಮತ್ತು ಕರಾರಿನ ಮೇಲಿನ ದಿನಾಂಕದ ಮುದ್ರೆ ಇದ್ದವರಿಗೆ ಅಡ್ವಾನ್ಸ್ ವಾಪಸ್ ಪಡೆಯುವ ಸರದಿಯಲ್ಲಿ ಜಾಗ. ಒಂದು ಕೋಟಿ ವೋನ್ ನನಗೆ ಸಣ್ಣ ದುಡ್ಡಲ್ಲ. ಎದ್ದು ಬಂದೆ. ವಿಲ್ಲಾ ನೋಡುವಾಗಲೂ ಮೊದಲು ಆಸ್ತಿಯ ದಾಖಲೆ ತೆಗೆಸಿದೆ. 700 ವೋನ್ ಕಟ್ಟಿದರೆ ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಇಸಿ ತೆಗೆಸಿದ ಹಾಗೆ, ಎಷ್ಟು ಸಾಲ ಇದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ಅರೆ ನೆಲಮಾಳಿಗೆಯ ಮನೆಗಳನ್ನೂ ಕಡಿಮೆ ಬಾಡಿಗೆಗೆ ತೋರಿಸುತ್ತಾರೆ. 2022ರ ಆಗಸ್ಟ್ ಮಳೆಯಲ್ಲಿ ಅಂಥ ಮನೆಗೆ ನೀರು ನುಗ್ಗಿ ಜನ ಸತ್ತರು. ಸುಮ್ನೆ ನೋಡಲೂ ಹೋಗಬೇಡಿ.

ಭಾಷೆ ಬಾರದ ಮೊದಲ ವರ್ಷಕ್ಕೆ, ವಿಳಾಸ ನೋಂದಾಯಿಸಲು ಬಿಡುವ ಆಫೀಸ್‌ಟೆಲ್ ಸಿಕ್ಕರೆ ಅದನ್ನೇ ಹಿಡಿಯಿರಿ. ಮೇಂಟೆನೆನ್ಸ್ ಜಾಸ್ತಿ ಕೊಟ್ಟರೂ ತಲೆನೋವು ಕಡಿಮೆ, ಪಾಠದ ಕಡೆ ಗಮನ ಕೊಡಬಹುದು. ಎರಡು ಮಾತು ಕೊರಿಯನ್ ಬಂದ ಮೇಲೆ ವಿಲ್ಲಾ ಹುಡುಕಿ. ಮಾರ್ಚ್‌ನಲ್ಲಿ ತರಗತಿ ಶುರುವಾಗುವುದರಿಂದ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯಗಳ ಸುತ್ತ ಮನೆಗೆ ಬೇಡಿಕೆ ಜಾಸ್ತಿ. ಆಗುವುದಾದರೆ ಅದು ಕಳೆದ ಮೇಲೆ ನೋಡಿ.

ನನ್ನ ಕರಾರು ಬರುವ ಏಪ್ರಿಲ್‌ಗೆ ಮುಗಿಯುತ್ತದೆ. ಇಲ್ಲೇ ಇರುತ್ತೇನೆ ಅಂತ ಓನರ್‌ಗೆ ಹೇಳಿಯಾಗಿದೆ. ಈ ಸಲ ಗುಳ್ಳೆ ಪ್ಲಾಸ್ಟಿಕ್ ಎರಡು ಸುರುಳಿ ತಂದಿದ್ದೇನೆ, ಒಂದು ಮೇಲಿನ ಮನೆಗೆ.