ಬದುಕಿರುವ ನಾಯಿಗೆ ರಕ್ತ ಪರೀಕ್ಷೆ ಮಾಡಿ ‘ರೇಬೀಸ್ ಇಲ್ಲ’ ಅಂದರೆ ನಂಬಬೇಡಿ

ಸಾಕುನಾಯಿ ಇರುವವರೆಲ್ಲ ದಯವಿಟ್ಟು ಓದಿ. ನಮ್ಮ ಕೆಂಚನ ವಿಷಯದಲ್ಲಿ ಒಂದು ಖಾಸಗಿ ಕ್ಲಿನಿಕ್ ಮಾಡಿದ್ದು ಇದು.

ಕೆಂಚ ಊಟ ಬಿಟ್ಟಿದ್ದ. ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿತ್ತು. ನೀರಿಗೆ ಮೂತಿ ಇಡುತ್ತಿದ್ದ, ನುಂಗಲು ಆಗುತ್ತಿರಲಿಲ್ಲ. ಹಿಂದಿನ ದಿನ ಅಣ್ಣನ ಮಗನ ಕೈಗೆ ಕಚ್ಚಿದ್ದನ್ನೂ ಹೇಳಿದೆವು. ಡಾಕ್ಟರು ‘ಗಂಟಲಲ್ಲಿ ಮೂಳೆ ಸಿಕ್ಕಿರಬೇಕು’ ಅಂತ ಗ್ಲೌಸ್ ಕೂಡ ಹಾಕದೆ ಬಾಯೊಳಗೆ ಕೈಯಿಟ್ಟು ತಡಕಾಡಿದರು. ಮೂಳೆ ಎಲ್ಲಿಂದ ಸಿಗಬೇಕು? ದವಡೆ ಬಿದ್ದ ನಾಯಿ ಬಂದರೆ ಮೊದಲು ರೇಬೀಸ್ ಅನುಮಾನಿಸಬೇಕು. ಹುಚ್ಚು ಹಿಡಿದ ನಾಯಿಗಳೆಲ್ಲ ಅಟ್ಟಿಸಿಕೊಂಡು ಬರುವುದಿಲ್ಲ.

ಆಮೇಲೆ ರಕ್ತ ತೆಗೆದು, ‘ರೇಬೀಸ್ ಟೆಸ್ಟ್’ ಅಂತ ದುಡ್ಡು ಕಟ್ಟಿಸಿಕೊಂಡರು. ಮಾರನೇ ದಿನ ವಾಟ್ಸಾಪ್‌ನಲ್ಲಿ ರಿಪೋರ್ಟ್ ಬಂತು. ‘ಏನೂ ಇಲ್ಲ, ಹುಡುಗನ ಇಂಜೆಕ್ಷನ್ ನಿಲ್ಲಿಸಿ’ ಅಂದರು. ಅದರಲ್ಲಿ ಇದ್ದದ್ದು ಪ್ರತಿಕಾಯದ (ರೋಗದ ವಿರುದ್ಧ ಹೋರಾಡಲು ದೇಹ ತಯಾರಿಸುವ ಅಂಶ) ಮಟ್ಟ ಮಾತ್ರ. ಅದು ಮಿಲಿಲೀಟರಿಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಹೆಚ್ಚು ಇದ್ದರೆ ಲಸಿಕೆ ಕೆಲಸ ಮಾಡಿದೆ ಎಂದರ್ಥ. ನಾಯಿಯನ್ನು ವಿದೇಶಕ್ಕೆ ಕರೆದೊಯ್ಯುವವರು ಮಾಡಿಸುವ ಪರೀಕ್ಷೆ ಅದು. ರೋಗ ಖಚಿತವಾಗುವುದು ಸತ್ತ ಮೇಲೆ, ಮಿದುಳಿನ ಪರೀಕ್ಷೆಯಿಂದ. ಕಚ್ಚಿದ ನಾಯಿ ಆರೋಗ್ಯವಾಗಿದ್ದರೆ 10 ದಿನ ಕಟ್ಟಿಹಾಕಿ ಗಮನಿಸುತ್ತಾರೆ, ಆದರೆ ಕಚ್ಚಿಸಿಕೊಂಡವರ ಇಂಜೆಕ್ಷನ್ ಅದಕ್ಕೆ ಕಾಯಬಾರದು.

ಪುಣ್ಯಕ್ಕೆ ಅತ್ತಿಗೆ ಆ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಕಚ್ಚಿದ ದಿನವೇ ಗಾಯವನ್ನು ಸೋಪು ಹಚ್ಚಿ ನಲ್ಲಿ ಕೆಳಗೆ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಓಡಿದ್ದರು. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಕೊಟ್ಟಿದ್ದರು.

ಕೆಂಚ ಸತ್ತಾಗ ಕ್ಲಿನಿಕ್‌ನವರು ‘ಸುಣ್ಣ ಹಾಕಿ ಹೂತುಬಿಡಿ’ ಅಂದರು. ತಲೆ ಪರೀಕ್ಷೆಗೆ ಕಳಿಸಿ ಎಂದರೆ, ‘ಅದೆಲ್ಲ ನಾವು ಮಾಡಲ್ಲ’. ಮಾಡದಿದ್ದರೆ ಬೇಡ, ಎಲ್ಲಿಗೆ ಹೋಗಬೇಕು ಅಂತಾದರೂ ಹೇಳಬೇಡವೇ? ಕೊನೆಗೆ ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು ತಲೆಯನ್ನು ಐಸ್‌ನಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕೆ ಕಳಿಸಿಕೊಟ್ಟರು. ಪಾಸಿಟಿವ್.

ಸಿಟ್ಟು ಎಷ್ಟೇ ಇದ್ದರೂ ಮೊದಲು ಫೋನ್ ಮಾಡಿದ್ದು ಆ ಖಾಸಗಿ ಡಾಕ್ಟರಿಗೇ. ‘ಬರಿಗೈ ಹಾಕಿದ್ದೀರಿ, ನೀವೂ ಇಂಜೆಕ್ಷನ್ ತಗೊಳ್ಳಿ ಸಾರ್.’ ಫೋನ್ ಇಟ್ಟುಬಿಟ್ಟರು.

ಕೇಸ್ ಪೇಪರ್ ಕೇಳಿ ಪಡೆದರೆ ಅದರಲ್ಲಿ ‘ಜ್ವರ’ ಅಂತಷ್ಟೇ ಇದೆ, ಕಚ್ಚಿದ ಸುದ್ದಿಯೇ ಇಲ್ಲ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ರೇಬೀಸ್ ಇದೆ, ಅನುಮಾನ ಬಂದರೆ ಪಶು ಇಲಾಖೆಗೆ ತಿಳಿಸಬೇಕು. ನಾವು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ದೂರು ಬರೆದಿದ್ದೇವೆ. ದುಡ್ಡು ಕೊಟ್ಟ ಸೇವೆಯಾದ್ದರಿಂದ ಗ್ರಾಹಕರ ಆಯೋಗದ ದಾರಿಯೂ ಇದೆ. ಎರಡಕ್ಕೂ ಬಿಲ್ ಬೇಕು. ಬಿಲ್ಲಿನಲ್ಲಿ ಟೆಸ್ಟಿನ ಪೂರ್ತಿ ಹೆಸರು, ಕೇಸ್ ಪೇಪರಿನಲ್ಲಿ ‘ಮನುಷ್ಯರಿಗೆ ಕಚ್ಚಿದೆ’ ಅನ್ನುವ ಸಾಲು ಬರೆಸಿಕೊಂಡೇ ಅಲ್ಲಿಂದ ಹೊರಡಿ.