ನಿಂಬೆ ಉಪ್ಪು ಮತ್ತು ಯೆಜ್ಡಿ ಟ್ಯಾಂಕು: ತುಕ್ಕು ಬಿಡಿಸುವುದು ಸುಲಭ, ಒಣಗಿಸುವುದು ಕಷ್ಟ

ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೂ ಕೆಮಿಕಲ್ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಎಂದು ಕೇಳಿದರೂ ಸಿಗುವುದು ಒಂದೇ ಬಿಳಿಯ ಹರಳುಪುಡಿ. ಅಡುಗೆಗೆ ಚಿಟಿಕೆಯ ಲೆಕ್ಕದಲ್ಲಿ ಬಳಸುವ ಈ ಪುಡಿಯನ್ನು ನಾನು ಕೆಲವು ವರ್ಷಗಳಿಂದ ಕಿಲೋ ಲೆಕ್ಕದಲ್ಲಿ ತಂದು, ಮನೆಯಲ್ಲಿರುವ ಎರಡು ಹಳೆಯ ಯೆಜ್ಡಿ ಬೈಕುಗಳ ಬಿಡಿಭಾಗಗಳ, ಮುಖ್ಯವಾಗಿ ಪೆಟ್ರೋಲ್ ಟ್ಯಾಂಕುಗಳ ತುಕ್ಕು ತೆಗೆಯಲು ಬಳಸುತ್ತಿದ್ದೇನೆ. ಗೆಳೆಯರ ಗಾಡಿಗಳ ಟ್ಯಾಂಕುಗಳೂ ಆಗಾಗ ನಮ್ಮ ಜಗಲಿಗೆ ಬರುತ್ತವೆ. ತುಕ್ಕು ತೆಗೆಯುವ ಕೆಲಸದಲ್ಲಿ ಈ ಪುಡಿಯ ಮೇಲೆ ನನ್ನದೇನೂ ದೂರಿಲ್ಲ. ದೂರು ಇರುವುದೆಲ್ಲ ತುಕ್ಕು ಹೋದ ಮೇಲಿನ ಮೊದಲ ಅರ್ಧ ಗಂಟೆಯ ಬಗ್ಗೆ. ಆ ಅರ್ಧ ಗಂಟೆಯನ್ನು ವಿವರವಾಗಿ ಹೇಳುವವರು ಕಡಿಮೆಯಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಕುಂದಾಪುರದ ಕಡೆ, ಸಮುದ್ರದ ಗಾಳಿ ನೇರವಾಗಿ ಬೀಸುವ ಜಾಗದಲ್ಲಿ. ಇಲ್ಲಿ ಗೇಟಿನ ಚಿಲಕವೇ ಮಳೆಗಾಲ ಕಳೆಯುವಷ್ಟರಲ್ಲಿ ಹುಡಿಯಾಗುತ್ತದೆ, ಅಂದಮೇಲೆ ಬೈಕಿನ ಮಾತೇನು. ಯೆಜ್ಡಿಗಳು ತಯಾರಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಶುರುವಾದ ಉತ್ಪಾದನೆ 1996ರಲ್ಲಿ ನಿಂತಿತು; ಹೀಗಾಗಿ ಅಲ್ಲಿಂದ ಹೊರಬಂದ ಕೊನೆಯ ಗಾಡಿಗೂ ಈಗ ಸುಮಾರು ಮೂವತ್ತು ವರ್ಷ. ಹೊಸದಾಗಿ ಮಾಡಿದ ಟ್ಯಾಂಕುಗಳು ಮಾರುಕಟ್ಟೆಯಲ್ಲಿ ಇಲ್ಲವೆಂದಲ್ಲ. ಆದರೆ ನನ್ನ ಕೈಗೆ ಬಂದವುಗಳ ತಗಡು ತೆಳುವಾಗಿತ್ತು, ಅಂಚಿನ ವೆಲ್ಡಿಂಗ್ ಒರಟಾಗಿತ್ತು, ಫ್ರೇಮಿನ ಮೇಲೆ ಕೂರಿಸಲು ರಬ್ಬರನ್ನು ಕತ್ತರಿಸಿ ಹೊಂದಿಸಬೇಕಾಗುತ್ತಿತ್ತು. ಕಾರ್ಖಾನೆಯ ಬಣ್ಣವೇ ಇನ್ನೂ ಉಳಿದಿರುವ ಹಳೆಯ ಟ್ಯಾಂಕನ್ನು ಗುಜರಿಗೆ ಹಾಕಿ ಅದನ್ನು ತರಲು ನನಗಂತೂ ಮನಸ್ಸಿಲ್ಲ.

ನಮ್ಮ ಕಡೆ ಮೆಕ್ಯಾನಿಕರನ್ನು ಕೇಳಿದರೆ ಮೊದಲು ಬರುವ ಸಲಹೆ ಎಂದರೆ ಪಾಯಿಖಾನೆ ತೊಳೆಯುವ ಆಸಿಡ್. ಅದು ಹೈಡ್ರೋಕ್ಲೋರಿಕ್ ಆಮ್ಲ. ತುಕ್ಕನ್ನು ಕೆಲವೇ ನಿಮಿಷಗಳಲ್ಲಿ ತಿನ್ನುವುದು ನಿಜ, ಆದರೆ ತುಕ್ಕು ಮುಗಿದ ಮೇಲೆ ಕಬ್ಬಿಣವನ್ನೂ ಅಷ್ಟೇ ಉತ್ಸಾಹದಿಂದ ತಿನ್ನಲು ಹೊರಡುತ್ತದೆ. ಒಳಗಿನಿಂದ ಆಗಲೇ ಸವೆದಿರುವ ಟ್ಯಾಂಕಿನಲ್ಲಿ ತುಕ್ಕೇ ಮುಚ್ಚಿಕೊಂಡಿದ್ದ ಸೂಜಿಮೊನೆಯಷ್ಟು ರಂಧ್ರಗಳು ಆಗ ತೆರೆದುಕೊಳ್ಳುತ್ತವೆ. ಅದರ ಹೊಗೆ ಗಂಟಲಿಗೆ ಕೆಟ್ಟದ್ದು. ಅದೇ ಕೊಟ್ಟಿಗೆಯಲ್ಲಿ ನೇತುಹಾಕಿರುವ ಸ್ಪ್ಯಾನರುಗಳ ಮೇಲೂ ಮರುದಿನ ಕಂದು ಪುಡಿ ಕಾಣಿಸುತ್ತದೆ. ನಿಂಬೆ ಉಪ್ಪಿಗೆ ಈ ಆತುರವಿಲ್ಲ. ಅದು ಕಬ್ಬಿಣದ ಅಯಾನುಗಳನ್ನು ಹಿಡಿದಿಟ್ಟುಕೊಂಡು ತುಕ್ಕನ್ನು ನಿಧಾನವಾಗಿ ನೀರಿಗೆ ಇಳಿಸುತ್ತದೆ, ಹೊಗೆಯಿಲ್ಲ, ವಾಸನೆಯೂ ಇಲ್ಲವೆನ್ನುವಷ್ಟು ಕಡಿಮೆ. ತುಕ್ಕು ಹಿಡಿದ ಕತ್ತಿಗೆ ಬಿಂಬುಳಿ ತಿಕ್ಕುವ ಪದ್ಧತಿ ಕರಾವಳಿಯ ಮನೆಗಳಲ್ಲಿ ಮೊದಲಿನಿಂದಲೂ ಇರುವುದರಿಂದ, ಹುಳಿಯಿಂದ ತುಕ್ಕು ಬಿಡಿಸುವುದರಲ್ಲಿ ನಮ್ಮ ಮನೆಯ ಹಿರಿಯರಿಗೆ ಆಶ್ಚರ್ಯವೇನೂ ಆಗಲಿಲ್ಲ. ಆಶ್ಚರ್ಯವಾದದ್ದು ನಾನು ತಂದ ಪುಡಿಯ ಪ್ರಮಾಣಕ್ಕೆ.

ಪುಡಿ ಹಾಕುವ ಮೊದಲು ಆಗಬೇಕಾದ ಒಂದು ಕೆಲಸವಿದೆ. ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ, ಅದರ ಪೆಟ್ರೋಲಿನಲ್ಲೇ ಆಯಿಲ್ ಬೆರೆತಿರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಹೋಗಿ, ಆಯಿಲ್ಲು ಅಂಟಾದ ಪದರವಾಗಿ ತಳದಲ್ಲಿ ಉಳಿಯುತ್ತದೆ. ತುಕ್ಕು ಹೆಚ್ಚಾಗಿ ಕಾಣುವುದು ಪೆಟ್ರೋಲ್ ಮಟ್ಟಕ್ಕಿಂತ ಮೇಲಿನ ಬರಿಗೋಡೆಯ ಮೇಲೆ ಮತ್ತು ಆ ಅಂಟಿನ ಕೆಳಗೆ ನೀರು ನಿಂತ ಮೂಲೆಗಳಲ್ಲಿ. ಜಿಡ್ಡು ಇರುವ ಕಡೆ ಹುಳಿನೀರು ಕಬ್ಬಿಣವನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಹಳೆಯ ಪೆಟ್ರೋಲನ್ನು ಬಯಲಿನಲ್ಲಿ ಪೂರ್ತಿ ಬಸಿದು, ಬಿಸಿನೀರಿನಲ್ಲಿ ಪಾತ್ರೆ ತೊಳೆಯುವ ಸೋಪು ಮತ್ತು ವಾಷಿಂಗ್ ಸೋಡಾ ಕಲಸಿ ಹಾಕಿ, ಒಂದು ಹಿಡಿ ನಟ್ಟುಗಳನ್ನು ಒಳಗೆ ಬಿಟ್ಟು, ಕುಲುಕಿ ಕುಲುಕಿ ತೊಳೆಯಬೇಕು. ಹೊರಬರುವ ನೀರು ಬೆರಳಿಗೆ ಜಾರದಿರುವ ತನಕ ಇದನ್ನು ಬಿಡಬಾರದು. ನಟ್ಟುಗಳನ್ನು ಎಣಿಸಿಯೇ ಒಳಗೆ ಹಾಕಬೇಕು, ಎಣಿಸಿಯೇ ಹೊರಗೆ ತೆಗೆಯಬೇಕು.

ಆಮೇಲಿನದು ನನಗೆ ಬಲು ಇಷ್ಟವಾದ ಭಾಗ. ಪೆಟ್ರೋಲ್ ಕಾಕ್, ಅಂದರೆ ಟ್ಯಾಂಕಿನ ತಳದ ನಲ್ಲಿಯನ್ನು ಬಿಚ್ಚಿ, ಆ ತೂತಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ವಾಷರ್ ಇಟ್ಟು ಬಿರಡೆ ಬಿಗಿಯುತ್ತೇನೆ. ಮುಚ್ಚಳದ ಬಾಯಿಯ ಸುತ್ತ ಬಣ್ಣದ ಮೇಲೆ ವ್ಯಾಸಲೀನ್ ದಪ್ಪಗೆ ಸವರುತ್ತೇನೆ, ಚೆಲ್ಲಿದ ಹುಳಿ ಬಣ್ಣಕ್ಕೆ ಹತ್ತಬಾರದು. ಲೀಟರಿಗೆ 70 ಗ್ರಾಮಿನ ಲೆಕ್ಕದಲ್ಲಿ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಕಂಠದವರೆಗೂ ತುಂಬಿಸುತ್ತೇನೆ. ಒಂದು ಕಿಲೋ ಪುಡಿಗೆ ಹದಿನಾಲ್ಕು ಲೀಟರಿನಷ್ಟು ದ್ರವವಾಗುತ್ತದೆ. ಅರ್ಧ ತುಂಬಿಸಿ ಮಗುಚುತ್ತ ಕೂರುವವರಿದ್ದಾರೆ, ಆದರೆ ನೀರು ಮತ್ತು ಗಾಳಿ ಸೇರುವ ಗೆರೆಯಲ್ಲಿ ಕಲೆ ನಿಲ್ಲುವುದರಿಂದ ನನಗೆ ಆ ಉಳಿತಾಯ ಬೇಡ. ತುಂಬಿದ ಟ್ಯಾಂಕನ್ನು ಬಿಸಿಲಿನಲ್ಲಿ ಇಟ್ಟರೆ ಕೆಲಸ ಬೇಗ ಸಾಗುತ್ತದೆ. ಕೆಲವು ಗಂಟೆಗಳಿಗೊಮ್ಮೆ ಹೋಗಿ ಮೆಲ್ಲಗೆ ಅಲ್ಲಾಡಿಸಿ, ಟಾರ್ಚ್ ಹಾಕಿ ನೋಡುತ್ತೇನೆ. ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ, ಸಂಜೆಯ ಹೊತ್ತಿಗೆ ನೀರು ಹಳದಿ ಮಿಶ್ರಿತ ಹಸಿರಾಗುತ್ತದೆ, ಬೆಳಿಗ್ಗೆ ನೋಡಿದರೆ ಗೋಡೆಯ ಮೇಲಿದ್ದ ಕಂದು ಹೊಪ್ಪಳಿಕೆಗಳು ಕಳಚಿ ತಳಕ್ಕೆ ಬಿದ್ದಿರುತ್ತವೆ. ಸಾಧಾರಣ ತುಕ್ಕಿಗೆ ಒಂದು ಹಗಲು, ಒಂದು ರಾತ್ರಿ ಸಾಕು. ಅದಕ್ಕಿಂತ ಹೆಚ್ಚು ಬೇಕೆನಿಸಿದರೆ ಹಳೆಯ ದ್ರವವನ್ನೇ ದಿನಗಟ್ಟಲೆ ಬಿಡುವ ಬದಲು ಹೊಸದು ಮಾಡಿ ಹಾಕುವುದು ಒಳ್ಳೆಯದು, ಏಕೆಂದರೆ ನಿಧಾನವಾಗಿಯಾದರೂ ಇದು ಕೂಡ ಕಬ್ಬಿಣವನ್ನು ತಿನ್ನುವ ಆಮ್ಲವೇ.

ದ್ರವವನ್ನು ಬಸಿದು ಟಾರ್ಚ್ ಹಾಕಿದಾಗ ಒಳಗೆ ಕಾಣುವ ಬೂದುಬಣ್ಣದ ಬರಿ ಲೋಹ, ತಗಡನ್ನು ಅಚ್ಚೊತ್ತಿದಾಗಿನ ಗೆರೆಗಳು, ಎರಡು ತುಂಡುಗಳು ಕೂಡುವ ಅಂಚು, ಇವೆಲ್ಲವನ್ನೂ ನೋಡುವ ಸಂತೋಷಕ್ಕೆ ನಾನು ಕೊಟ್ಟ ಬೆಲೆ ಕಿಲೋಗೆ 200 ರೂಪಾಯಿ ಆಸುಪಾಸು. ಹೊರಗಿನ ಬಣ್ಣಕ್ಕೆ ಒಂದು ಗೀರೂ ಬಿದ್ದಿರುವುದಿಲ್ಲ. ಇಲ್ಲಿಗೇ ಬರಹ ಮುಗಿದಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ.

ಆದರೆ ಆ ಬೂದುಬಣ್ಣ ನಿಲ್ಲುವುದಿಲ್ಲ. ಹುಳಿಯ ಉಳಿಕೆಯನ್ನು ತೆಗೆಯಲು ನೀರು ಹಾಕಿ ತೊಳೆದು, ಟವೆಲ್ ಹುಡುಕಿ ತರುವಷ್ಟರಲ್ಲಿ ಇಡೀ ಒಳಮೈ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಆಮ್ಲದಲ್ಲಿ ಮುಳುಗಿರುವಾಗ ಹುಟ್ಟಿದ ತುಕ್ಕು ಹುಟ್ಟಿದಲ್ಲೇ ಕರಗುತ್ತಿರುತ್ತದೆ. ತೊಳೆದ ಕ್ಷಣದಿಂದ ಆ ಕಾವಲು ಹೋಗಿ, ಮೇಲೆ ಯಾವ ಪದರವೂ ಇಲ್ಲದ ಹಸಿ ಕಬ್ಬಿಣಕ್ಕೆ ನೀರು ಮತ್ತು ಗಾಳಿ ಒಟ್ಟಿಗೆ ಸಿಗುತ್ತವೆ. ಧಾರವಾಡದ ಒಣ ಚಳಿಗಾಲದಲ್ಲಿ ಇದೇ ಕೆಲಸ ಮಾಡುವ ಗೆಳೆಯರೊಬ್ಬರು ಇದನ್ನು ದೊಡ್ಡ ಸಮಸ್ಯೆಯೆಂದು ಒಪ್ಪುವುದೇ ಇಲ್ಲ. ಅವರಿಗೆ ಬಿಸಿಲಿನಲ್ಲಿ ಕವುಚಿಟ್ಟರೆ ಮುಗಿಯಿತು. ನಮ್ಮಲ್ಲಿ ಗಾಳಿಯೇ ಒದ್ದೆ, ಬಾವಿಯ ನೀರಿನಲ್ಲಿ ಬೇಸಗೆಯ ಕೊನೆಗೆ ಉಪ್ಪಿನಂಶ ಬೇರೆ ಏರಿರುತ್ತದೆ. ಉಪ್ಪು ತಾಗಿದ ಕಬ್ಬಿಣ ಎಷ್ಟು ಬೇಗ ತುಕ್ಕಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಒಂದು ಹಗಲು, ಒಂದು ರಾತ್ರಿಯ ದುಡಿಮೆ ಕಣ್ಣೆದುರಿಗೇ ಹಾಳಾಗುವುದನ್ನು ನೋಡಿದಾಗ ಆಗುವ ಸಿಟ್ಟು ಸಣ್ಣದಲ್ಲ. ಹಾಗೆ ಮೂಡಿದ ತೆಳು ತುಕ್ಕು ಮೇಲ್ನೋಟಕ್ಕೆ ಪುಡಿಯಷ್ಟೇ ಎನಿಸಿದರೂ, ಪೆಟ್ರೋಲು ಹಾಕಿದ ಮೇಲೆ ಉದುರಿ ಕಾರ್ಬ್ಯುರೇಟರಿನ ಜೆಟ್ಟಿಗೆ ಹೋಗಿ ಕೂರುವುದು ಅದೇ.

ಬಹಳಷ್ಟು ಬಗೆಗಳನ್ನು ನೋಡಿದ ಮೇಲೆ ಈಗ ಪಾಲಿಸುತ್ತಿರುವ ಕ್ರಮ ಹೀಗಿದೆ. ಆಮ್ಲವನ್ನು ಬಸಿಯುವ ಮೊದಲೇ ಎಲ್ಲ ಸಾಮಾನುಗಳೂ ಕೈಯಳತೆಯಲ್ಲಿರಬೇಕು. ಬಸಿದ ಕೂಡಲೇ ಬರಿ ನೀರಿನ ಬದಲು ವಾಷಿಂಗ್ ಸೋಡಾ ಕರಗಿಸಿದ ನೀರನ್ನು ಹಾಕಬೇಕು. ಉಳಿದ ಆಮ್ಲ ನೊರೆಯೆದ್ದು ಶಾಂತವಾಗುತ್ತದೆ, ಕ್ಷಾರದ ನೀರಿನಲ್ಲಿ ಕಬ್ಬಿಣ ಸುಲಭಕ್ಕೆ ತುಕ್ಕಾಗುವುದಿಲ್ಲ, ಆದ್ದರಿಂದ ಉಸಿರಾಡಲು ಸ್ವಲ್ಪ ಸಮಯ ಸಿಗುತ್ತದೆ. ಸೋಡಾ ಒಣಗಿ ಬಿಳಿಯ ಪುಡಿಯಾಗಿ ಉಳಿಯಬಾರದಾದ್ದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಚುರುಕಾಗಿ ಒಮ್ಮೆ ಜಾಲಾಡಿಸಿ, ಹಿಂದೆಯೇ ಐಸೋಪ್ರೊಪೈಲ್ ಸ್ಪಿರಿಟ್ ಸುರಿದು ಎಲ್ಲ ಮೂಲೆಗಳಿಗೂ ಹೋಗುವಂತೆ ಮಗುಚಬೇಕು. ಯೆಜ್ಡಿ ಟ್ಯಾಂಕು ಫ್ರೇಮಿನ ಎರಡೂ ಬದಿಗೆ ಇಳಿಬಿದ್ದಿರುವುದರಿಂದ ನೀರು ಅಡಗುವುದು ಆ ಎರಡು ಕೆಳಮೂಲೆಗಳಲ್ಲೇ. ಸ್ಪಿರಿಟ್ ಆ ನೀರನ್ನು ತನ್ನೊಳಗೆ ಸೇರಿಸಿಕೊಂಡು ಹೊರಬರುತ್ತದೆ. ಆಮೇಲೆ ಧೂಳು ಊದುವ ಬ್ಲೋವರಿನ ಕೊಳವೆಯನ್ನು ಬಾಯಿಂದ ಸ್ವಲ್ಪ ದೂರದಲ್ಲೇ ಹಿಡಿದು, ತಣ್ಣನೆಯ ಗಾಳಿಯನ್ನಷ್ಟೇ ಹಾಯಿಸಬೇಕು. ಸ್ಪಿರಿಟ್ ಆವಿ ಬೆಂಕಿ ಹಿಡಿಯುವಂಥದ್ದು, ಬಿಸಿಗಾಳಿಯ ಗನ್ನನ್ನು ಹತ್ತಿರವೂ ತರಬಾರದು. ಬ್ಲೋವರಿನ ಮೋಟಾರಿನಲ್ಲೂ ಕಿಡಿ ಇರುವುದರಿಂದ ಈ ಕೆಲಸ ಗಾಳಿಯಾಡುವ ಅಂಗಳದಲ್ಲೇ ಆಗಬೇಕು. ಕೊನೆಗೆ ಎರಡು ಲೀಟರ್ ಪೆಟ್ರೋಲಿಗೆ ಧಾರಾಳವಾಗಿ ಟೂ-ಟಿ ಆಯಿಲ್ ಬೆರೆಸಿ ಒಳಗೆಲ್ಲ ಹರಿಸಿಬಿಟ್ಟರೆ ಬೂದುಬಣ್ಣ ಬೂದುಬಣ್ಣವಾಗಿಯೇ ಉಳಿಯುತ್ತದೆ.

ಈ ಹಂತದಲ್ಲಿ ಲೆಕ್ಕ ಹಾಕಿದರೆ ನಗು ಬರುತ್ತದೆ. ತುಕ್ಕು ತೆಗೆಯುವ ಪುಡಿಗಿಂತ ಒಣಗಿಸುವ ಸ್ಪಿರಿಟ್ಟಿಗೇ ಹೆಚ್ಚು ಖರ್ಚು. ಹಾಗಿದ್ದರೂ ಒಂದು ವಿಷಯದಲ್ಲಿ ನನ್ನ ಸಿಟ್ಟು ಇಳಿದಿದೆ: ಪೆಟ್ರೋಲಿನಲ್ಲಿ ಸದಾ ಆಯಿಲ್ ಇರುವ ಗಾಡಿಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ. ಓಡಿಸುತ್ತಿರುವಷ್ಟು ಕಾಲ ಪ್ರತಿ ಸಲ ಪೆಟ್ರೋಲು ಅಲುಗಾಡಿದಾಗಲೂ ಗೋಡೆಗೆ ಆಯಿಲಿನ ತೆಳು ಪದರ ಹತ್ತುತ್ತಿರುತ್ತದೆ. ಬುಲೆಟ್ಟಿನಂಥ ನಾಲ್ಕು ಸ್ಟ್ರೋಕಿನ ಗಾಡಿಯವರಿಗೆ ಈ ಅನುಕೂಲವಿಲ್ಲ, ಅವರು ಟ್ಯಾಂಕನ್ನು ಆದಷ್ಟೂ ತುಂಬಿಸಿಯೇ ಇಡಬೇಕು. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇರುವುದರಿಂದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ವಿಷಯದಲ್ಲಿ ನಾನೂ ಎಚ್ಚರ ತಪ್ಪುವುದಿಲ್ಲ. ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ; ತೇವ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಹಾಗಾಗಿ ಜೂನ್ ತಿಂಗಳಿಗೆ ಮೊದಲೇ ಒಂದು ಗಾಡಿಯ ಟ್ಯಾಂಕನ್ನು ಬಸಿದು, ಒಳಗೆ ಬರಿ ಆಯಿಲ್ ಸವರಿ ಇಡುತ್ತೇನೆ.

ಟ್ಯಾಂಕಿನ ಒಳಗೆ ಸೀಲರ್, ಅಂದರೆ ಗೋಡೆಗೆ ಅಂಟಿ ಗಟ್ಟಿಯಾಗುವ ಲೇಪ, ಹಾಕಿಸಿಬಿಟ್ಟರೆ ಈ ರಗಳೆಯೇ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ನನ್ನ ಎರಡನೆಯ ಗಾಡಿಗೆ ಹಿಂದಿನ ಮಾಲೀಕರು ಎಲ್ಲಿಯೋ ಹಾಕಿಸಿದ್ದ ಸೀಲರ್ ಹಾಳೆಹಾಳೆಯಾಗಿ ಎದ್ದು, ಕಾಕಿನ ಜಾಲರಿಗೆ ಬಂದು ಅಂಟಿಕೊಳ್ಳುತ್ತಿತ್ತು. ಘಾಟಿಯ ಏರಿನಲ್ಲಿ ಗಾಡಿ ಕೆಮ್ಮಿ ನಿಂತಾಗಲೆಲ್ಲ ಕಾರಣ ಅದೇ. ಎದ್ದ ಸೀಲರನ್ನು ಬಿಡಿಸುವ ಕೆಲಸದ ಮುಂದೆ ತುಕ್ಕು ತೆಗೆಯುವುದು ಏನೂ ಅಲ್ಲ. ರಂಧ್ರವೇ ಬಿದ್ದ ಟ್ಯಾಂಕಿಗೆ ಅದು ಅನಿವಾರ್ಯವಿರಬಹುದು, ಗಟ್ಟಿ ತಗಡಿಗೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಬಿಡಿಭಾಗಗಳ ವಿಷಯಕ್ಕೆ ಬಂದರೆ, ಬಕೆಟ್ಟಿನಲ್ಲಿ ಮುಳುಗಿಸಿಡಬಹುದಾದ ಬ್ರಾಕೆಟ್ಟು, ಸ್ಟ್ಯಾಂಡು, ಟೂಲ್ ಬಾಕ್ಸಿನ ಕೀಲುಗಳಿಗೆ ಇದಕ್ಕಿಂತ ಸೋವಿಯಾದ ಉಪಾಯವಿಲ್ಲ. ಹೊರತೆಗೆದಾಗ ಮೇಲೊಂದು ಕಪ್ಪು ಮಸಿ ಕೂತಿರುತ್ತದೆ, ಹಿತ್ತಾಳೆಯ ಬ್ರಶ್ಶಿನಲ್ಲಿ ಉಜ್ಜಿದರೆ ಹೋಗುತ್ತದೆ. ಸ್ಪೋಕುಗಳನ್ನು ಹಾಕಬೇಡಿ, ಅವುಗಳ ಸತುವಿನ ಲೇಪ ತುಕ್ಕಿಗಿಂತ ಮೊದಲೇ ಕರಗಿಹೋಗುತ್ತದೆ. ಕಾರ್ಬ್ಯುರೇಟರ್ ಮತ್ತು ಅಲ್ಯೂಮಿನಿಯಂ ಭಾಗಗಳು ಈ ಬಕೆಟ್ಟಿಗೆ ಸೇರಿದವಲ್ಲ. ಗಡಸು ಉಕ್ಕಿನ ಸ್ಪ್ರಿಂಗುಗಳು ಆಮ್ಲದಲ್ಲಿ ಹೈಡ್ರೋಜನ್ ಹೀರಿಕೊಂಡು ಒಡೆಯುವಂತಾಗಬಹುದು, ಹಾಗಾಗಿ ಅವನ್ನೂ ದೂರವಿಡುತ್ತೇನೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಎರಡೂ ಆಗಿರುವ ಆ ಒಂದೇ ಲಿವರಿನ ಕ್ರೋಮಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತ ತುಕ್ಕಿಗೆ ಆಮ್ಲವೇ ಬೇಡ. ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿದರೆ ಸಾಕು.

ಬಾಟಲಿಯಲ್ಲಿ ಬರುವ ಫಾಸ್ಫಾರಿಕ್ ಆಮ್ಲದ ದ್ರವಗಳನ್ನೂ ಬಳಸಿದ್ದೇನೆ. ಅವು ಕಬ್ಬಿಣದ ಮೇಲೆ ಫಾಸ್ಫೇಟಿನ ಮಂಕು ಪದರವೊಂದನ್ನು ಬಿಟ್ಟುಹೋಗುವುದರಿಂದ ಮರುತುಕ್ಕಿನ ಕಾಟ ಕಡಿಮೆ, ಬಣ್ಣ ಹಚ್ಚುವ ಭಾಗಗಳಿಗೆ ಅದೇ ಹೆಚ್ಚು ಒಳ್ಳೆಯದು. ಆದರೆ ಒಂದು ಟ್ಯಾಂಕು ತುಂಬಿಸುವಷ್ಟು ಕೊಳ್ಳಲು ನನ್ನ ಜೇಬು ಒಪ್ಪುವುದಿಲ್ಲ. ಒಂದೇ ಟ್ಯಾಂಕು ಇರುವ, ಸಮಯ ಕಡಿಮೆ ಇರುವ, ಮಳೆಗಾಲದಲ್ಲೇ ಕೆಲಸ ಮುಗಿಸಬೇಕಾದ ಕರಾವಳಿಯವರಾದರೆ ಆ ಖರ್ಚು ಮಾಡಿ ಎಂದೇ ಹೇಳುತ್ತೇನೆ.

ನನ್ನ ಮಟ್ಟಿಗೆ ನಿಂಬೆ ಉಪ್ಪಿಗೆ ಐದಕ್ಕೆ ನಾಲ್ಕು, ಡಿಸೆಂಬರಿನಿಂದ ಮಾರ್ಚ್ ತನಕ ಮಾತ್ರ. ಮಳೆಗಾಲದಲ್ಲಿ ಮಾಡುವುದಾದರೆ ಎರಡೂವರೆ. ಕೊಳ್ಳುವಾಗ ಅಡುಗೆಯ ದರ್ಜೆಯದೇ ಬೇಕೆಂದಿಲ್ಲ, ಕೆಮಿಕಲ್ ಅಂಗಡಿಯ ಬಿಡಿ ಪುಡಿಯೂ ಅಷ್ಟೇ ಕೆಲಸ ಮಾಡುತ್ತದೆ. ತೆರೆದ ಪ್ಯಾಕೆಟ್ಟು ಜೂನ್ ಹೊತ್ತಿಗೆ ಕಲ್ಲಿನಂತೆ ಗಟ್ಟಿಯಾಗುವುದರಿಂದ ಬಿಗಿಯಾದ ಡಬ್ಬಿಗೆ ಹಾಕಿ, ಮೇಲೆ ಹೆಸರು ಬರೆದಿಡಬೇಕು, ಅಡುಗೆಮನೆಯಲ್ಲಂತೂ ಇಡಬಾರದು. ಬಳಸಿದ ದ್ರವವನ್ನು ಸೋಡಾ ಹಾಕಿ ನೊರೆ ನಿಲ್ಲುವ ತನಕ ಶಾಂತಗೊಳಿಸಿಯೇ ಚೆಲ್ಲುತ್ತೇನೆ, ಅದೂ ಬಾವಿಯಿಂದ ದೂರ. ಮೊದಲು ಬಸಿದ ಹಳೆಯ ಪೆಟ್ರೋಲನ್ನು ಮಾತ್ರ ಮಣ್ಣಿಗೂ ಚರಂಡಿಗೂ ಬಿಡದೆ ಬಿಗಿ ಮುಚ್ಚಳದ ಕ್ಯಾನಿನಲ್ಲಿ ಬೇರೆಯಾಗಿ ತೆಗೆದಿಡಬೇಕು.